ನಾಲ್ಕು ಬೆರಳು ಜಾಸ್ತಿ

"ಸಾವ್ಕಾರ್ರೇ, ಅದು ಹೂವಾ, ಇಲ್ಲಾ ಬದ್ನೇಕಾಯಾ?"

ಮಲ್ಲಿಕಾಂಬ ಅವನೊಂದಿಗೆ ಆಡಿದ ಮೊದಲ ಮಾತು ಇದು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ತರೀಕೆರೆಯ ಜವಳಿ ಅಂಗಡಿ ಷಣ್ಮುಖಪ್ಪ ಎಂದರೆ ಸುಮ್ಮನೆಯೇ? ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಮಗಳ ಮನೆಯಲ್ಲಿ ಕೆಲವು ದಿನ ಇದ್ದು ಹೋಗೋಣವೆಂದು ಅಜ್ಜಂಪುರಕ್ಕೆ ಬಂದಿದ್ದ. ಕೂತು ಉಣ್ಣುವುದು ಬೇಸರವಾಗಿ ಮಠದ ಜಗಲಿಗೆ ಬಂದು ಕತ್ತರಿ ಹಿಡಿದಿದ್ದ.

ಅವನು ಕೈಯಲ್ಲಿದ್ದ ನೇರಳೆ ಕಾಗದದ ಮುದ್ದೆಯನ್ನು ತಿರುಗಿಸಿ ನೋಡಿದ. "ತೊಟ್ಟು ಇಟ್ರೆ ಬದ್ನೇಕಾಯಿ, ಇಡದಿದ್ರೆ ತಾವರೆ. ನೀವು ಹೆಂಗಂದ್ರೆ ಹಂಗೆ," ಎಂದ.

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಮಲ್ಲಿಕಾಂಬ ಸೆರಗಿನ ಮರೆಯಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕಳು.

ಚೈತ್ರದಲ್ಲಿ ಬೇವು ಹೂ ಬಿಡುತ್ತದೆ, ಹೊಂಗೆ ಚಿಗುರುತ್ತದೆ. ಆದರೆ ದೇವರಿಗೆ ಏರಿಸುವ ಮಲ್ಲಿಗೆ ಈ ಕಡೆಯ ಬಿಸಿಲಿಗೆ ಮಧ್ಯಾಹ್ನದೊಳಗೆ ಬಾಡಿಹೋಗುತ್ತದೆ. ಅದಕ್ಕೇ ಯುಗಾದಿ ಕಳೆದು ಗಿರಿಜಾಕಲ್ಯಾಣ ಬರುವವರೆಗೆ ಊರಿನ ಹಿರಿಯರೆಲ್ಲ ಮಠದ ಜಗಲಿಯಲ್ಲಿ ಕೂತು ಕಾಗದದ ಹೂ ಮಾಡುತ್ತಿದ್ದರು. ಬಣ್ಣದ ಕಾಗದ ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿತ್ತು. ಅಂಟು ಮಾತ್ರ ಮನೆಯದೇ, ಹುಣಸೆಬೀಜದ್ದು. ಕೈಗೆ ಕೆಲಸ, ಬಾಯಿಗೆ ಎಲೆಅಡಿಕೆ, ಸೊಸೆಯರ ಮುಖ ನೋಡುವ ಗೋಜಿಲ್ಲ. ವಯಸ್ಸಾದವರಿಗೆ ಇನ್ನೇನು ಬೇಕು?

ಮಲ್ಲಿಕಾಂಬನ ಬೆರಳಿಗೆ ಬಾರದ ಹೂವಿರಲಿಲ್ಲ. ಆದರೆ ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗವನ್ನು ಅವಳು ಮುಟ್ಟುತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳು. ಮುಟ್ಟಬೇಡ ಎಂದು ಯಾರೂ ಹೇಳಿರಲಿಲ್ಲ, ಹೇಳಿಸಿಕೊಳ್ಳುವ ಮೊದಲೇ ದೂರ ಉಳಿದಿದ್ದಳು. ಶಿವಪಾರ್ವತಿಯರ ಬಾಸಿಂಗವನ್ನು ಮುತ್ತೈದೆ ತೀರ್ಥಮ್ಮಜ್ಜಿ ಮಾಡುತ್ತಿದ್ದಳು. ಈ ವರ್ಷ ಅಜ್ಜಿಗೆ ಕಣ್ಣು ಮಂಜಾಗಿತ್ತು.

"ಸಾವ್ಕಾರ್ರು ಮಾಡ್ಲಿ ಬಿಡಿ. ಕತ್ತರಿ ಹಿಡಿದ ಕೈ," ಎಂದರು ಮಠದ ಅಯ್ಯನವರು ಮಲ್ಲಿಕಾರ್ಜುನಯ್ಯ.

"ಕಲಿಸೋರು ಯಾರು?" ಎಂದ ಷಣ್ಮುಖಪ್ಪ.

ತೀರ್ಥಮ್ಮಜ್ಜಿ ಮಲ್ಲಿಕಾಂಬನ ಕಡೆ ಗದ್ದ ಎತ್ತಿ ತೋರಿಸಿದಳು. "ಅವ್ಳು ಹೇಳ್ಕೊಡ್ತಾಳೆ. ಇಷ್ಟು ವರ್ಷ ನನ್ನ ಕೈನೇ ನೋಡ್ಕಂಡು ಕೂತವ್ಳೆ. ನಂಗೇನು ಗೊತ್ತಿಲ್ವಾ?"

ಮಲ್ಲಿಕಾಂಬನ ಕಿವಿ ಬಿಸಿಯಾಯಿತು. "ಬಾಯಲ್ಲಿ ಹೇಳ್ತೀನಿ. ಕೈ ಹಾಕಲ್ಲ," ಎಂದಳು.

ಹಾಗೆ ಶುರುವಾಯಿತು. ಅವಳು ಕಂಬಕ್ಕೆ ಒರಗಿ ಹೇಳುವುದು, ಅವನು ಕಂಬದ ಈಚೆ ಕೂತು ಕೆಡಿಸುವುದು.

"ಒಳಕ್ಕೆ ಮಡಿಚಿ. ಅಯ್ಯೋ ಶಿವನೇ, ಸೀರೆ ಮಡಿಚಿದಂಗೆ ಮಡಿಚ್ತೀರಲ್ಲ!"

"ಹುಟ್ಟಿದಾಗ್ಲಿಂದ ಅದನ್ನೇ ಮಡಿಚಿರೋದು. ನೀವು ಒಂದ್ಸಲ ಮಾಡಿ ತೋರ್ಸಿದ್ರೆ..."

"ಕೈ ಹಾಕಲ್ಲ ಅಂದ್ನಲ್ಲ."

ಅವನು ಕನ್ನಡಕದ ಮೇಲಿಂದ ಅವಳನ್ನು ನೋಡಿದ. ಯಾಕೆಂದು ಕೇಳಲಿಲ್ಲ, ಬಲವಂತ ಮಾಡಲಿಲ್ಲ. ಕಾಗದ ಬಿಚ್ಚಿ ಮತ್ತೆ ಮೊದಲಿಂದ ಮಡಿಚಿದ. ಅವಳಿಗೆ ಅವನು ಇಷ್ಟವಾದದ್ದು ಆ ಗಳಿಗೆಯಲ್ಲಿ.

ಅವನು ಏನು ಕತ್ತರಿಸಿದರೂ ದೊಡ್ಡದಾಗುತ್ತಿತ್ತು. ಎಲೆ, ದಳ, ತೋರಣ ಎಲ್ಲವೂ. "ಬಟ್ಟೆ ಅಳೆದ ಮೇಲೆ ನಾಲ್ಕು ಬೆರಳು ಜಾಸ್ತಿ ಬಿಡೋದು ನಮ್ಮಪ್ಪನ ಕಾಲದ ರೂಢಿ. ಗಿರಾಕಿ ಮನೇಲಿ ಬಿಚ್ಚಿ ನೋಡಿ ಖುಷಿ ಪಡ್ಬೇಕು," ಎನ್ನುತ್ತಿದ್ದ.

"ದೇವ್ರು ನಿಮ್ಮ ಗಿರಾಕಿ ಅಲ್ಲ," ಎಂದು ಅವಳು ಗದರುತ್ತಿದ್ದಳು. ಗದರುವುದಕ್ಕಾಗಿಯೇ ಮನೆಗೆಲಸ ಬೇಗ ಮುಗಿಸಿ ಓಡಿಬರುತ್ತಿದ್ದಳು. "ಈ ವರ್ಷ ನಿನಗೆ ಭಕ್ತಿ ಜಾಸ್ತಿ ಆದಂಗೈತೆ," ಎಂದು ಅತ್ತಿಗೆ ನಗುತ್ತಿದ್ದಳು.

ಕಲ್ಯಾಣ ಮುಗಿದ ಮರುದಿನ ಅವನು ತರೀಕೆರೆಗೆ ಹೋಗಲು ಬೀರೂರಿನ ರೈಲು ಹತ್ತುತ್ತಾನೆ. ಅವಳು ಉಳಿದ ದಿನಗಳನ್ನು ಬೆರಳು ಮಡಿಚಿ ಎಣಿಸುತ್ತಿದ್ದಳು. ಅವರ ಜನರಲ್ಲಿ ವಿಧವೆಗೆ ಮತ್ತೆ ಮದುವೆ ಇಲ್ಲವೆಂದಲ್ಲ. ಉಡಿಕೆ ಎನ್ನುತ್ತಾರೆ. ಕತ್ತಲಾದ ಮೇಲೆ ಒಂದು ಸೀರೆ ಉಡಿಸಿ ಕರೆದುಕೊಂಡು ಹೋದರೆ ಆಯಿತು. ವಾಲಗವಿಲ್ಲ, ಬಾಸಿಂಗವಿಲ್ಲ. ಹಿಂದೆ ಒಬ್ಬರು ಹಾಗೆ ಕೇಳಿಕೊಂಡು ಬಂದಿದ್ದರು. "ಕದ್ದ ಮಾಲಿನಂಗೆ ಹೋಗೋಕೆ ನಂಗಿಷ್ಟವಿಲ್ಲ," ಎಂದು ಅವಳು ಒಳಕ್ಕೆ ನಡೆದಿದ್ದಳು. ಈಗಲೂ ಆ ಮಾತು ಬದಲಾಗಿರಲಿಲ್ಲ. ಆದರೆ ಈಗ ಕಳೆದುಕೊಳ್ಳುವುದು ಏನೆಂದು ಗೊತ್ತಿತ್ತು.

ಕಲ್ಯಾಣದ ಹಿಂದಿನ ದಿನ ಷಣ್ಮುಖಪ್ಪ ಬಟ್ಟೆಯ ಗಂಟು ಬಿಚ್ಚಿ ಒಂದು ಬಾಸಿಂಗವನ್ನು ಅವಳ ಮುಂದಿಟ್ಟ. ಕೆಂಪು ಕಾಗದ, ಹೊಳೆಯುವ ಬೇಗಡೆ, ಅಂಚಿಗೆ ಬೆಂಡಿನ ಬಿಳಿ ಮೊಗ್ಗು. ಒಂದು ಮಡಿಕೆಯೂ ತಪ್ಪಿರಲಿಲ್ಲ. ಮಲ್ಲಿಕಾಂಬ ದೇವರ ಹಣೆಯ ಅಳತೆಯ ದಾರವನ್ನು ಅದರ ಪಕ್ಕದಲ್ಲಿ ಹಿಡಿದು ಹೌಹಾರಿದಳು.

"ಏನ್ರೀ ಇದು! ಇದನ್ನ ಕಟ್ಟಿದ್ರೆ ದೇವ್ರ ಮುಖನೇ ಕಾಣಲ್ಲ. ಇಲ್ಲೂ ಅಂಗಡಿ ರೂಢೀನಾ? ನಾಳೆ ಬೆಳಿಗ್ಗೆ ಕಲ್ಯಾಣ!"

ಅವನು ಗಂಟಿನಿಂದ ಇನ್ನೆರಡು ತೆಗೆದ. ಪುಟ್ಟವು, ದಾರಕ್ಕೆ ಸರಿಯಾಗಿ ಹೊಂದಿದವು. "ದೇವ್ರದು ಇವು," ಎಂದ.

"ಮತ್ತೆ ಇದು?"

"ನನ್ನ ಹಣೆ ಅಳತೇದು."

ಮಲ್ಲಿಕಾಂಬನ ಕೈಯಿಂದ ದಾರ ಜಾರಿತು. "ಉಡಿಕೆಗೆ ಬಾಸಿಂಗ ಕಟ್ಟಲ್ಲ ಕಣ್ರೀ," ಎಂದಳು.

ಮೂಲೆಯಿಂದ ತೀರ್ಥಮ್ಮಜ್ಜಿ ಕೇಳಿದಳು: "ಉಡಿಕೆ ಮಾತು ಯಾರು ಎತ್ತಿದ್ರು, ಮಲ್ಲಿ?"

ಯಾರೂ ಎತ್ತಿರಲಿಲ್ಲ. ಮಲ್ಲಿಕಾಂಬನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಜಗಲಿಯೆಲ್ಲ ನಕ್ಕಿತು, ಷಣ್ಮುಖಪ್ಪ ಮಾತ್ರ ನಗಲಿಲ್ಲ.

"ನಿಮ್ಮಣ್ಣನ್ನ ಕೇಳ್ದೆ. ನನ್ನ ತಂಗೀನೇ ಕೇಳಿ ಅಂದ್ರು," ಎಂದ. "ಕದ್ದ ಮಾಲಿನಂಗೆ ಬರಲ್ಲ ಅಂತ ನೀವು ಅಂದಿದ್ದನ್ನ ಅಜ್ಜಿ ಹೇಳಿದ್ರು. ಅದಕ್ಕೇ ಅಯ್ಯನೋರ ಹತ್ರಾನೂ ಹೋಗಿದ್ದೆ. ಹಗಲೊತ್ತಲ್ಲಿ, ಇದೇ ಮಠದಲ್ಲಿ, ವಾಲಗ ಊದಿಸಿ ಆಗ್ಬೇಕು ಅಂದೆ."

ಮಲ್ಲಿಕಾರ್ಜುನಯ್ಯ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ಗಿರಿಜಮ್ಮಂಗೆ ವರ್ಷಾ ವರ್ಷಾ ಮದ್ವೆ ಮಾಡ್ತೀವಿ. ಹೋದ್ವರ್ಷ ಬಾಸಿಂಗ ಕಟ್ಟಿದ್ವಲ್ಲ, ಈ ವರ್ಷ ಬ್ಯಾಡ ಅಂತೀವಾ? ನೀನೂ ಕಟ್ಕೊಳ್ಳಮ್ಮ. ಮುಂದೆ ನಿಂತು ಕಟ್ಟಿಸೋನು ನಾನು."

ಮಲ್ಲಿಕಾಂಬನ ಕಣ್ಣು ತುಂಬಿತು. ಆ ದೊಡ್ಡ ಬಾಸಿಂಗವನ್ನೇ ನೋಡಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಒಂದೇ ಮಾಡಿದೀರಲ್ಲ. ಜೋಡಿ ಎಲ್ಲಿ?"

"ಅಳತೆ ಇರ್ಲಿಲ್ಲ. ಕೇಳೋಕೆ ಧೈರ್ಯಾನೂ ಇರ್ಲಿಲ್ಲ."

ಅವಳು ಬಿದ್ದ ದಾರ ಬಿಟ್ಟು ಹೊಸ ದಾರ ತೆಗೆದುಕೊಂಡಳು. ಎಲ್ಲರೂ ನೋಡುತ್ತಿದ್ದಂತೆಯೇ ತನ್ನ ಹಣೆಯ ಈ ಕೊನೆಯಿಂದ ಆ ಕೊನೆಗೆ ಹಿಡಿದು ಗಂಟು ಹಾಕಿದಳು. ಷಣ್ಮುಖಪ್ಪ ಅದಕ್ಕೆ ಕೈಚಾಚಿದ. ಅವಳು ಕೊಡಲಿಲ್ಲ. ಕೆಂಪು ಕಾಗದವನ್ನೂ ಬೇಗಡೆಯನ್ನೂ ತನ್ನ ಮಡಿಲಿಗೆ ಎಳೆದುಕೊಂಡಳು.

"ನಿಮಗೆ ಬಿಟ್ರೆ ನಾಲ್ಕು ಬೆರಳು ಜಾಸ್ತಿ ಆಯ್ತದೆ," ಎಂದಳು. "ಕತ್ತರಿ ಕೊಡಿ ಇಲ್ಲಿ. ಇದನ್ನ ನಾನೇ ಮಾಡ್ತೀನಿ."