ಉಗುರಿನ ಹಸಿರು

“ಯಾರ್ರೀ ಇವರಿಗೆ ನೇಲ್ ಪಾಲಿಶ್ ಹಚ್ಚಿದ್ದು?”

ಗಂಡಸರ ವಾರ್ಡಿನ ಆರನೇ ಮಂಚದ ಬಳಿ ನಿಂತು ಗಂಡು ನರ್ಸೊಬ್ಬ ಕೇಳಿದಾಗ ಸಿರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮಂಚದ ಮೇಲೆ ಅಪ್ಪ ದೇವರಾಜು ಮೇಲುಸಿರು ಬಿಡುತ್ತಿದ್ದ. ನ್ಯುಮೋನಿಯಾ ಅಂದಿದ್ದರು ಡಾಕ್ಟರು. ಮೂಗಿಗೆ ಆಕ್ಸಿಜನ್ ಪೈಪು, ಬೆರಳಿಗೆ ಕ್ಲಿಪ್ಪು. ಪಕ್ಕದ ಮಷೀನು ಎಂಬತ್ತೊಂದು ಎಂದು ತೋರಿಸಿ ಕೀಂಗುಡುತ್ತಿತ್ತು.

ಸಿರಿ ದುಪಟ್ಟಾದ ಅಡಿಯಲ್ಲಿ ಬಚ್ಚಿಟ್ಟುಕೊಂಡಿದ್ದ ತನ್ನ ಹತ್ತೂ ಬೆರಳನ್ನು ಮುಂದೆ ಚಾಚಿದಳು. ಅಪ್ಪನ ಉಗುರು ಹಸಿರು, ಅವಳದು ಕೆಂಪು.

“ಬೊಂಬೆ ಕೆಲ್ಸ,” ಎಂದಳು ಕೊನೆಗೆ, ನೆಲ ನೋಡುತ್ತ. “ಅರಗಿಗೆ ಬಣ್ಣ ನಾದ್ತೀವಿ. ಅಂಟ್ಕೊತದೆ.”

ಅವನ ಕಿವಿ ಅವಳ ಉಗುರಿಗಿಂತ ಕೆಂಪಾಯಿತು. “ಸಾರಿ ಕಣ್ರೀ. ಈ ಕ್ಲಿಪ್ಪಿನ ಬೆಳಕು ಉಗುರು ದಾಟಿ ಹೋಗ್ಬೇಕು. ಬಣ್ಣ ಇದ್ರೆ ಮಷೀನು ಸುಳ್ಳು ಹೇಳ್ತದೆ.”

ಸ್ಪಿರಿಟ್ಟೂ ಹತ್ತಿಯೂ ತಂದ. ಅಪ್ಪನ ಬಲಗೈಯ ಉಂಗುರದ ಬೆರಳನ್ನು ಅವನು ಹಿಡಿದ, ಅವಳು ಉಜ್ಜಿದಳು. ಇಬ್ಬರ ತಲೆಯ ನಡುವೆ ಒಂದು ಗೇಣು ಜಾಗವಿರಲಿಲ್ಲ. ಹಸಿರು ಕರಗಿ ಅವನ ಹೆಬ್ಬೆರಳಿಗೂ ಮೆತ್ತಿತು. ಉಗುರು ಬೆಳ್ಳಗಾಗುವ ಹೊತ್ತಿಗೆ ಮಷೀನು ತೊಂಬತ್ತೆರಡು ಎಂದಿತು.

“ಇದೊಂದೇ ಬೆರಳು ನಿಜ ಹೇಳೋದು,” ಎಂದ ಅವನು. “ತೊಂಬತ್ತಕ್ಕಿಂತ ಕೆಳಗೆ ಹೋದ್ರೆ ನನ್ನ ಕರೀರಿ. ತಡ ಮಾಡಂಗಿಲ್ಲ. ಯಜಮಾನ್ರ ಎದೆ ಇನ್ನೂ ಸೋತದೆ.”

ಅವನ ಅಂಗಿಯ ಮೇಲಿನ ಚೀಟಿಯಲ್ಲಿ ನಟರಾಜು ಎಂದಿತ್ತು. ಉಯ್ಯಂಬಳ್ಳಿ ಕಡೆಯವನಂತೆ. ವಾರ್ಡೆಲ್ಲ ಅವನನ್ನು ಬ್ರದರ್ ಎಂದು ಕರೆಯುತ್ತಿತ್ತು. ಸಿರಿ ಮಾತ್ರ ಏನೂ ಕರೆಯಲಿಲ್ಲ. ಆ ಒಂದು ಮಾತು ಅವಳ ನಾಲಿಗೆಗೆ ಬರಲಿಲ್ಲ.

ಅವಳು ನೋಡುತ್ತಿದ್ದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಬೊಂಬೆ ಕಡೆಯುವ ಲೇತಿನ ಮುಂದೆ ಕೂತವಳಿಗೆ ಓದುವುದಕ್ಕಿಂತ ನೋಡುವುದು ಚೆನ್ನಾಗಿ ಬರುತ್ತಿತ್ತು. ಹಸಿರಿಗೆ ಒಂದು ಚಿಟಿಕೆ ನೀಲಿ ಹೆಚ್ಚಾದರೂ ಅವಳ ಕಣ್ಣು ಹಿಡಿಯುತ್ತಿತ್ತು. ಆ ಕಣ್ಣು ಈಗ ನಟರಾಜುವಿನ ಹಿಂದೆ ಮಂಚದಿಂದ ಮಂಚಕ್ಕೆ ಹೋಗುತ್ತಿತ್ತು. ಅವನು ಸೂಜಿ ಚುಚ್ಚುವ ಮೊದಲು ಊರಿನ ಹೆಸರು ಕೇಳುತ್ತಿದ್ದ. ಅವರು ಹೇಳಿ ಮುಗಿಸುವಷ್ಟರಲ್ಲಿ ಸೂಜಿ ಹೊರಗಿರುತ್ತಿತ್ತು. ಮೂರನೇ ಮಂಚದ ಅಜ್ಜ ನಟರಾಜುವಿನ ಮೈಮೇಲೇ ವಾಂತಿ ಮಾಡಿದಾಗ, “ಅಯ್ಯೋ, ಬಿಡಿ ತಾತ, ಹೆಂಗೂ ಇವತ್ತು ಬಟ್ಟೆ ಒಗೀಬೇಕಿತ್ತು,” ಎಂದ.

ಮೂರನೆಯ ದಿನ ಅವಳೇ ಮಾತಾಡಿಸಿದಳು.

“ಈ ಕೆಲ್ಸದಲ್ಲಿ ನಿಮ್ಗೆ ಖುಷಿ ಕೊಡೋದು ಏನೈತೆ?”

ಅಪ್ಪನ ಡ್ರಿಪ್ ಸರಿಮಾಡುತ್ತಿದ್ದವನು ಕಿಟಕಿಯಾಚೆ ನೋಡಿದ. “ಬೆನ್ನು.”

“ಏನು?”

“ಇಲ್ಲಿಂದ ವಾಸಿಯಾಗಿ ಹೋಗೋರು ‘ಹೋಗ್ಬತ್ತೀನಿ’ ಅನ್ನಲ್ಲ, ನೋಡಿದ್ದೀರಾ? ಮನೇಲಾದ್ರೆ ‘ಹೋಗ್ತೀನಿ’ ಅಂದ್ರೆ ಬೈತಾರೆ. ಇಲ್ಲಿ ‘ಬತ್ತೀನಿ’ ಅನ್ನಂಗಿಲ್ಲ, ತಿರುಗಿ ನೋಡಂಗೂ ಇಲ್ಲ. ಗೇಟಿನ ತನಕ ಅವರ ಬೆನ್ನು ನೋಡ್ತಾ ನಿಲ್ತೀನಿ. ಹೊತ್ಕೊಂಡು ತಂದಿದ್ದ ಬೆನ್ನು ತಾನೇ ನಡ್ಕೊಂಡು ಹೋಯ್ತದಲ್ಲ, ಅದು.”

“ಒಬ್ರೂ ತಿರುಗಲ್ವಾ? ಬೇಜಾರಾಗಲ್ವಾ?”

“ಆಗ್ತದೆ ಒಸಿ,” ಎಂದು ಅವಳತ್ತ ನೋಡಿದ. ನೋಟ ತೆಗೆಯಲು ಇಬ್ಬರಿಗೂ ತಡವಾಯಿತು.

ನಾಲ್ಕನೆಯ ದಿನ ಮಧ್ಯಾಹ್ನ ದೊಡ್ಡಮಳೂರಿನಿಂದ ಸೋದರತ್ತೆ ಶಿವಲಿಂಗಮ್ಮ ಬಂದಳು. ಅಣ್ಣನ ಕೈ ತೊಳೆಸಿ, ಸ್ಟೂಲು ಎಳೆದುಕೊಂಡು ಕೂತು ಗಂಜಿ ಕುಡಿಸಿದಳು. ಕೈ ತೊಳೆಸುವಾಗ ಕ್ಲಿಪ್ಪನ್ನು ಕಿತ್ತು ಎಡಗೈಗೆ ಸಿಕ್ಕಿಸಿದ್ದಳು. ಗಂಜಿ ಕುಡಿದ ಅಪ್ಪ ಕಣ್ಣು ಮುಚ್ಚಿದ. ಮಷೀನು ಕೀಂಗುಟ್ಟಿತು. ಎಂಬತ್ತನಾಲ್ಕು.

“ಅಯ್ಯೋ, ಏನೇ ಇದು, ಹಿಂಗ್ ಬಡ್ಕೊತದೆ?”

“ಬಣ್ಣದ ಬೆರಳಿಗೆ ಹಾಕಿದ್ದೀಯ ಅತ್ತೆ. ಸುಳ್ಳು ಹೇಳ್ತದೆ ಅದು,” ಎಂದು ಸಿರಿ ನಕ್ಕಳು. ಗೊತ್ತಿದ್ದವಳ ನಗು.

ಎಂಬತ್ತು.

ಸುಳ್ಳೇ ಆದರೂ ಅದು ಹೀಗೆ ಇಳಿಯುತ್ತ ಹೋಗುತ್ತದೆಯೇ? ಬಣ್ಣ ಇದ್ದಷ್ಟೇ ಇದೆಯಲ್ಲ. ಸಿರಿಯ ನಗು ಅಲ್ಲೇ ನಿಂತಿತು. ಅವಳು ಅಪ್ಪನ ಮುಖಕ್ಕೆ ಬಗ್ಗಿದಳು. ತುಟಿ. ಕಿವಿಯ ಹಾಲೆ. ಅಲ್ಲಿ ಬೂದಿಗೆ ನೀಲಿ ಕಲಸಿದಂಥದ್ದೊಂದು ಬಣ್ಣ. ತಮ್ಮ ಮನೆಯ ಯಾವ ಡಬ್ಬಿಯಲ್ಲೂ ಇಲ್ಲದ್ದು.

ಎಪ್ಪತ್ತೇಳು.

ಡ್ಯೂಟಿ ಬದಲಾಗುವ ಹೊತ್ತು. ಬಾಗಿಲ ಬಳಿಯ ಮೇಜಿನಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಕೆಳಗೆ ನಟರಾಜು ಹೆಲ್ಮೆಟ್ ಹಾಕಿಕೊಂಡು ಬೈಕಿಗೆ ಕಿಕ್ ಹೊಡೆಯುತ್ತಿದ್ದ. ಸಿರಿ ಸರಳು ಹಿಡಿದಳು. ಜನ್ಮದಲ್ಲಿ ಜೋರಾಗಿ ಕೂಗಿದವಳಲ್ಲ.

“ನಟರಾಜೂ!”

ವಾರ್ಡಿಗೆ ವಾರ್ಡೇ ತಿರುಗಿತು. ಬೈಕು ಧೊಪ್ಪನೆ ಬಿತ್ತು.

ಹೆಲ್ಮೆಟ್ ತೆಗೆಯದೆಯೇ ಓಡಿ ಬಂದ. ಒಮ್ಮೆ ತುಟಿ ನೋಡಿದ, ಪೈಪಿನ ಗುಂಟ ಗೋಡೆಯ ತನಕ ಕಣ್ಣು ಹಾಯಿಸಿದ. ಅತ್ತೆಯ ಸ್ಟೂಲಿನ ಕಾಲಡಿ ಸಿಕ್ಕು ಪೈಪು ಗೋಡೆಯ ಆಕ್ಸಿಜನ್ ಬಾಟಲಿಯಿಂದ ಕಳಚಿ ಬಿದ್ದಿತ್ತು.

“ಏಳವ್ವ ಮೇಲಕ್ಕೆ!” ಎಂದು ಅತ್ತೆಯನ್ನು ಎಬ್ಬಿಸಿ ಪೈಪು ಸಿಕ್ಕಿಸಿದ. “ಡಾಕ್ಟ್ರನ್ನ ಕರೀರಿ ಯಾರಾದ್ರೂ! ಸಿರಿ, ಬೆನ್ನಿಗೆ ಕೈ ಕೊಡು, ಕೂರ್ಸು. ಕ್ಲಿಪ್ಪು ಆ ಬೆರಳಿಗೆ. ನಂಬರ್ ಹೇಳ್ತಾ ಇರು.”

“ಎಪ್ಪತ್ತೈದು.”

“ಉಸಿರು ಎಳೀರಿ ಯಜಮಾನ್ರೇ. ನನ್ನ ನೋಡ್ರಿ.”

“ಎಪ್ಪತ್ತೈದು,” ಎಂದಳು ಮತ್ತೆ. ಧ್ವನಿ ಒಡೆಯಿತು.

“ಅಳ್ಬೇಡ, ಹೇಳು.”

“ಎಪ್ಪತ್ತೊಂಬತ್ತು.” ಅಪ್ಪ ಕೆಮ್ಮಿದ. “ಎಂಬತ್ತಾರು... ತೊಂಬತ್ತು... ತೊಂಬತ್ತೊಂದು.”

ಡಾಕ್ಟರು ಬಂದು ನೋಡಿ, ಸರಿಯಾದ ಹೊತ್ತಿಗೆ ಕಂಡಿರಿ ಅಂದು ಹೋದ ಮೇಲೆ ನಟರಾಜು ನೆಲದ ಮೇಲೇ ಕೂತ. ಆಗಲೇ ಹೆಲ್ಮೆಟ್ ನೆನಪಾಗಿ ತೆಗೆದ.

“ನನ್ನ ತಪ್ಪು,” ಎಂದಳು ಸಿರಿ. “ಬಣ್ಣ ಅಂತ ನಕ್ಬುಟ್ಟೆ.”

“ಬಣ್ಣ ಅಲ್ಲ ಅಂತ ಕಂಡಿದ್ದೂ ನಿಂಗೇ ಕಣೇ.” ಕಣೇ ಎಂದದ್ದು ತಿಳಿದು ಅವನು ತಲೆ ತಗ್ಗಿಸಿದ. ಕಿವಿ ಕೆಂಪಗಾಯಿತು.

“ಹೆಸ್ರಿಡಿದು ಕೂಗ್ಬುಟ್ಟೆ.”

“ಕೇಳಿಸ್ತು. ಚನ್ನಪಟ್ಟಣಕ್ಕೆಲ್ಲ ಕೇಳಿಸ್ತು.”

ಒಂಬತ್ತನೆಯ ದಿನ ಡಿಸ್ಚಾರ್ಜ್. ನಟರಾಜು ಮಾತ್ರೆಯ ಚೀಟಿ ಬರೆದುಕೊಟ್ಟ. ಬೆಳಿಗ್ಗೆ ಒಂದು, ಊಟ ಆದ್ಮೇಲೆ ಒಂದು ಎಂದು ಎರಡೆರಡು ಸಲ ಹೇಳಿದ. ಸಿರಿಗೆ ಒಂದೂ ಕೇಳಿಸಲಿಲ್ಲ. ಪೆನ್ನು ಹಿಡಿದ ಅವನ ಹೆಬ್ಬೆರಳಿನ ಉಗುರಂಚಿನಲ್ಲಿ ಇನ್ನೂ ಹಸಿರಿತ್ತು.

“ಸ್ಪಿರಿಟ್ ಹಚ್ಚಿದ್ರೆ ಹೋಯ್ತದೆ ಅದು,” ಎಂದಳು.

“ಗೊತ್ತು.”

“ಮತ್ತೆ?”

“ಹಚ್ಚಿಲ್ಲ.”

ಅವಳು ಚೀಟಿ ಮಡಿಸಿದಳು. ಬಿಡಿಸಿದಳು. ಮತ್ತೆ ಮಡಿಸಿದಳು. ಅಷ್ಟರಲ್ಲಿ ಅಪ್ಪ, “ನಡಿಯವ್ವ,” ಎಂದು ಹೊರಟೇಬಿಟ್ಟ. ಗೇಟಿನ ತನಕ ತಾನೇ ನಡೆದ, ನಿಧಾನಕ್ಕೆ, ನೆಟ್ಟಗೆ. ಸಿರಿ ಹಿಂದೆ ನಡೆದಳು. ಹತ್ತು ಹೆಜ್ಜೆ, ಇಪ್ಪತ್ತು. ಬೆನ್ನ ಮೇಲೆ ಅವನ ನೋಟ ಬಿಸಿಲಿನಂತೆ ಕೂತಿತ್ತು. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ರಸ್ತೆ. ಆಮೇಲೆ ಅವಳು ಲೇತಿಗೆ, ಅವನು ಮುಂದಿನ ಮಂಚಕ್ಕೆ.

ಅವಳು ನಿಂತಳು. ಅಪ್ಪನೂ ನಿಂತ, ಮುಖ ಮಾತ್ರ ರಸ್ತೆಯ ಕಡೆಗೇ.

“ತಿರುಗಬಾರ್ದು ಅಂದಿರೋದು ಪೇಷಂಟಿಗೆ ಕಣವ್ವ,” ಎಂದ ಅಪ್ಪ, ಹಿಂದೆ ನೋಡದೆ. “ಅದೇನ್ ಹೇಳ್ಬೇಕೋ ಬೇಗ ಹೇಳ್ಬುಡು. ಬಿಸ್ಲಲ್ಲಿ ನಿಲ್ಬ್ಯಾಡ ಅಂದವ್ರೆ ನಂಗೆ.”

ಸಿರಿ ತಿರುಗಿದಳು. ವರಾಂಡದ ಕಂಬಕ್ಕೆ ಒರಗಿ ನಿಂತಿದ್ದವನು ನೆಟ್ಟಗಾದ.

ಆಸ್ಪತ್ರೆಯಲ್ಲಿ ಯಾರೂ ಆಡದ ಮಾತನ್ನು ಅವಳು ಆಡಿದಳು. ಈ ಸಲ ಕೂಗಬೇಕಾಗಲಿಲ್ಲ.

“ಬತ್ತೀನಿ.”