ಆನೆಚೌಕೂರಿನಲ್ಲಿ ನಿಂತ ಕಾರು

ಪೊನ್ನಪ್ಪನವರ ಕಾರು ಆನೆಚೌಕೂರಿನ ಕಾಡಿನ ನಡುವೆ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಒಳಗೆ ಮೈಸೂರಿನ ಆಸ್ಪತ್ರೆಯಿಂದ ಹೊರಟಿದ್ದ ಮಗಳು, ಅವಳ ಮಡಿಲಲ್ಲಿ ಹಸುಗೂಸು. ಟ್ಯಾಂಕಿನಲ್ಲಿ ಒಂದು ತೊಟ್ಟು ಪೆಟ್ರೋಲಿಲ್ಲ! ಮಿಲಿಟರಿ ಲಾರಿಯೊಂದು ಬಂದು ಒಂದಿಷ್ಟು ಕೊಡುವವರೆಗೆ ಅವರೆಲ್ಲ ಆನೆಗಳು ಬಿದಿರು ಮುರಿಯುವ ಸದ್ದು ಕೇಳುತ್ತಾ ಜೀವ ಬಿಗಿಹಿಡಿದು ಕೂತರು.

ಶ್ರೀಮಂಗಲದ ತೋಟ ಮುಟ್ಟಿದ್ದೇ ತಡ, ಪೊನ್ನಪ್ಪ ಡ್ರೈವರ್ ನಿಂಗನ ಕೆನ್ನೆಗೆ ಬಾರಿಸಿದರು. ಅದೂ ಅವನ ಹೆಂಡತಿ ಕೆಂಚಿಯ ಎದುರಿಗೆ. "ಕಳ್ಳ" ಎಂದರು. ಕಾಫಿ ಉಗ್ರಾಣಕ್ಕೆ ತಳ್ಳಿ ಬೀಗ ಹಾಕಿಸಿದರು. ಯುದ್ಧದ ಕಾಲ, ಪೆಟ್ರೋಲಿಗೆ ಕೂಪನ್ನು. ಕದ್ದವನಿಗೆ ಜೈಲು ಖಂಡಿತ. ಮರುದಿನ ಮಧ್ಯಾಹ್ನ ಪೊಲೀಸರು ಬರುವವರಿದ್ದರು.

ಬೆಳಿಗ್ಗೆ ಸುದ್ದಿ ಕೇಳಿದ್ದೇ ಊರಿನ ಶಾಲೆಯ ಯಮುನ ಟೀಚರ್ ತೋಟದ ಕಡೆಗೆ ಹೊರಟಳು. ಏಕೆಂದರೆ ನಿಂಗನನ್ನು ಕಳ್ಳನೆನ್ನಲು ಪೊನ್ನಪ್ಪ ತೋರಿಸುತ್ತಿದ್ದ ಸಾಕ್ಷಿ ಅವಳದೇ ಲೆಕ್ಕ. ಮೈಸೂರಿಗೆ ಹೋಗಿಬರಲು ಎಷ್ಟು ಪೆಟ್ರೋಲು, ಎಷ್ಟು ಖರ್ಚು ಎಂದು ಅವರು ಹಿಂದಿನ ವಾರ ಕೇಳಿದ್ದರು. ಅವಳು ಅದನ್ನು ನಾಲ್ಕನೇ ಕ್ಲಾಸಿನ ಬೋರ್ಡಿನ ಮೇಲೆ ಮಕ್ಕಳಿಂದಲೇ ಮಾಡಿಸಿದ್ದಳು. ಹೋಗಿಬರಲು ನೂರನಲವತ್ತು ಮೈಲಿ. ಆ ಹಳೇ ಕಾರು ಗ್ಯಾಲನ್ನಿಗೆ ಹದಿನಾಲ್ಕು ಮೈಲಿ ಓಡುತ್ತದೆ. ಭಾಗಿಸಿದರೆ ಹತ್ತು ಗ್ಯಾಲನ್, ಆಪತ್ತಿಗಿರಲಿ ಎಂದು ಇನ್ನೆರಡು. ನಾಲ್ಕು ಗ್ಯಾಲನ್ನಿನ ಮೂರು ಟಿನ್ ಬೇಕು. ಗ್ಯಾಲನ್ನಿಗೆ ಎರಡು ರೂಪಾಯಿಯಂತೆ ಇಪ್ಪತ್ತನಾಲ್ಕು ರೂಪಾಯಿ.

ಕಾರು ನಿಂತದ್ದು ಮನೆಗೆ ಇನ್ನೂ ಇಪ್ಪತ್ತೆಂಟು ಮೈಲಿ ಇರುವಾಗ. ಅಂದರೆ ಓಡಿದ್ದು ನೂರಹನ್ನೆರಡು. ದಾರಿಯಲ್ಲಿ ನಡೆಯುತ್ತಲೇ ಯಮುನ ಭಾಗಿಸಿದಳು—ಎಂಟು ಗ್ಯಾಲನ್. ಸರಿಯಾಗಿ ಒಂದು ಟಿನ್ ಕಡಿಮೆ. ಲೆಕ್ಕ ತಪ್ಪಿರಲಿಲ್ಲ. ತಪ್ಪಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಆ ಕ್ಷಣ ಅನ್ನಿಸಿತು.

ಉಗ್ರಾಣದ ಕಿಟಕಿಯ ಬಳಿ ಕೆಂಚಿ ಕೂತಿದ್ದಳು. ಸರಳಿನಾಚೆ ನಿಂಗ.

"ನಿಜ ಹೇಳು ನಿಂಗ. ಮೈಸೂರಲ್ಲಿ ಕಾರಿನ ಹತ್ತಿರ ಯಾರಿದ್ದರು?"

"ನಾನೊಬ್ನೇ ಟೀಚ್ರೇ. ಗಾಡಿ ಬಿಟ್ಟು ಕದಲ್ಲಿಲ್ಲ."

"ಪೆಟ್ರೋಲು ಹಾಕಿದವನು ನೀನೇ ತಾನೆ?"

"ಇಲ್ರವ್ವ. ರೈಟ್ರು ಪದ್ಮಯ್ಯನೋರು. ನಾನು ಬರೋ ಹೊತ್ಗೆ ಮುಚ್ಚಳ ಹಾಕಿತ್ತು."

"ಟ್ಯಾಂಕಿಗೆ ಅಳತೆಕೋಲು ಇಳಿಸಿ ನೋಡಲಿಲ್ಲವಾ?"

"ರೈಟ್ರು ನೋಡವ್ರೆ ಅಂದ್ಮೇಲೆ ನಾನ್ಯಾಕೆ ನೋಡ್ಲಿ? ಅದು ಅವರ ಮೇಲೆ ಅನುಮಾನ ಪಟ್ಟಂಗಾಗಲ್ವಾ?"

ಮುಗ್ಧತನವೋ, ನಟನೆಯೋ? ಪಾಪ, ತನ್ನ ಪರವಾಗಿ ಒಂದು ಸುಳ್ಳೂ ಹೇಳಲು ಬಾರದ ಮನುಷ್ಯ. ಕಾರಿನ ಬಳಿ ಇದ್ದವನು ತಾನೊಬ್ಬನೇ ಎಂದು ಯಾವ ಕಳ್ಳ ಒಪ್ಪುತ್ತಾನೆ? ಆದರೆ ಇಷ್ಟಕ್ಕೇ ಪೊಲೀಸರು ಬಿಡುವುದಿಲ್ಲ.

ಕಾರಿನ ಶೆಡ್ಡಿನ ಮುಂದೆ ಪೊನ್ನಪ್ಪ ಮತ್ತು ಅವರ ಹೆಂಡತಿ ಪೂವಮ್ಮ ನಿಂತಿದ್ದರು. ತೋಟದ ಲೆಕ್ಕಪತ್ರ ನೋಡುವ ರೈಟರ್ ಪದ್ಮಯ್ಯ ಶೆಡ್ಡಿನ ಬಾಗಿಲು ತೆರೆಯುತ್ತಿದ್ದ. ಬೀಗದ ಕೈ ಅವನ ಸೊಂಟದಲ್ಲಿ.

"ಈ ಕೀ ಇನ್ಯಾರ ಹತ್ತಿರ ಇದೆ?" ಯಮುನ ಕೇಳಿದಳು.

"ಯಾರತ್ರನೂ ಇಲ್ಲ. ಪೆಟ್ರೋಲು ಇಡುವ ಜಾಗ ಅಲ್ವ? ಕೊಟ್ರೆ ಆಗ್ತದ?"

"ಮೂರು ಟಿನ್ನೂ ಹಾಕಿದಿರಾ?"

"ಹೊರಡುವ ದಿನ ಬೆಳಿಗ್ಗೆ ಖಾಲಿ ಇದ್ದ ಟ್ಯಾಂಕಿಗೆ ನಾನೇ ಹೊಯ್ದೆ. ಖಾಲಿ ಟಿನ್ ಮೂರೂ ಅಲ್ಲೇ ಉಂಟು, ಎಣಿಸಿ."

"ಖಾಲಿ ಟಿನ್ ಏನು ಹೇಳುತ್ತದೆ? ಟ್ಯಾಂಕಿಗೇ ಹೋಯಿತು ಅಂತ ಹೇಗೆ ಗೊತ್ತು? ಕಾರಿನಲ್ಲಿ ಪೆಟ್ರೋಲು ತೋರಿಸುವ ಮುಳ್ಳು ಕೆಟ್ಟಿದೆಯಲ್ಲ."

ಪದ್ಮಯ್ಯನ ಮುಖ ಬಿಗಿಯಿತು. "ಕೋಲು ಹಾಕಿ ನೋಡಿದೆ. ಹನ್ನೆರಡನೇ ಗೆರೆವರೆಗೆ ಒದ್ದೆ ಇತ್ತು."

"ಸುಮ್ಮನೆ ಅದ್ದಿದಿರಾ?"

"ಸುಮ್ಮನೆ ಅದ್ದಿದ್ರೆ ಗುರುತು ಕಾಣ್ತದ ಟೀಚರೇ? ಮೊದಲು ಬಟ್ಟೆಲಿ ತುದಿಯಿಂದ ಮೇಲಿನವರೆಗೆ ಉಜ್ಜಿ ಒರೆಸಿದೆ. ಅದ್ದಿದೆ. ನೋಡಿ, ಪುನಃ ಒರೆಸಿ ಮೊಳೆಗೆ ಸಿಕ್ಕಿಸಿದೆ."

"ಆಮೇಲೆ ಅದನ್ನು ಯಾರಾದರೂ ಮುಟ್ಟಿದರಾ?"

"ಕೀ ನನ್ನತ್ರ ಅಲ್ವ. ಯಾರು ಮುಟ್ತಾರೆ?"

ಯಮುನ ಒಳಗೆ ಹೋಗಿ ಗೋಡೆಯ ಮೊಳೆಯಲ್ಲಿದ್ದ ಕಬ್ಬಿಣದ ಅಳತೆಕೋಲನ್ನು ತೆಗೆದಳು. ಬಿಸಿಲಿಗೆ ತಂದು ತಿರುಗಿಸಿ ನೋಡಿದಳು. ನೇರವಾಗಿ ಪೂವಮ್ಮನ ಕೈಗೇ ಕೊಟ್ಟಳು.

"ಇದರ ತುದಿಯಲ್ಲಿ ಇರುವುದು ಏನಮ್ಮಾ?"

"ಗಂಧ, ಕುಂಕುಮ," ಎಂದರು ಪೂವಮ್ಮ. "ನಾನೇ ಹಚ್ಚಿದ್ದು. ಕೈಲ್ ಮುಹೂರ್ತದ ದಿನ ಕೋವಿ, ಕತ್ತಿ ಎಲ್ಲ ಪೂಜೆಗೆ ಇಡ್ತೇವಲ್ಲ—ನಿಂಗ ಇದನ್ನೂ ತಂದು ಕೋವಿಯ ಪಕ್ಕ ಇಟ್ಟ. ಇದು ನನ್ನ ಆಯುಧ ಅಮ್ಮಾ, ಅಂದ. ನಗುತ್ತಾ ಹಚ್ಚಿದೆ."

"ಹಬ್ಬ ಯಾವಾಗ, ಕಾರು ಹೊರಟದ್ದು ಯಾವಾಗ?"

"ಹಬ್ಬ ಆಗಿ ಮೂರನೇ ದಿನ ಹೊರಟದ್ದು," ಎನ್ನುತ್ತಲೇ ಪೂವಮ್ಮನ ದನಿ ನಿಧಾನವಾಯಿತು. ಅವರು ಗಂಡನ ಮುಖ ನೋಡಿದರು.

ಪದ್ಮಯ್ಯ ಬಟ್ಟೆಗಾಗಿ ಜೇಬು ತಡಕಾಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಇವನ ಕೈ ಒರೆಸುವ ಬಟ್ಟೆಗೇ ಹೋಯಿತು.

"ನನ್ನ ಲೆಕ್ಕ ಸರಿ ಪೊನ್ನಪ್ಪನವರೇ," ಎಂದಳು ಯಮುನ. "ಆದರೆ ಎಷ್ಟು ಹೋಯಿತು ಅಂತ ಮಾತ್ರ ಲೆಕ್ಕ ಹೇಳುತ್ತದೆ, ಎಲ್ಲಿ ಹೋಯಿತು ಅಂತ ಹೇಳುವುದಿಲ್ಲ. ದಾರಿಯಲ್ಲಿ ಹೋಯಿತು ಅಂತ ನೀವು ಹೇಗೆ ನಂಬಿದಿರಿ? ಹೊರಡುವಾಗ ಹನ್ನೆರಡು ಗ್ಯಾಲನ್ ಇತ್ತು ಎಂಬ ಇವರ ಒಂದು ಮಾತಿನಿಂದ. ಎರಡು ಸಲ ಉಜ್ಜಿ ಒರೆಸಿದ ಕೋಲಿನ ಮೇಲೆ ಹಬ್ಬದ ಗಂಧ ಉಳಿಯುತ್ತದೆಯಾ? ಈ ಕೋಲು ಟ್ಯಾಂಕಿಗೆ ಇಳಿದೇ ಇಲ್ಲ. ಟ್ಯಾಂಕಿಗೆ ಬಿದ್ದದ್ದು ಎರಡೇ ಟಿನ್. ಮೂರನೆಯದು ಎಲ್ಲಿ ಪದ್ಮಯ್ಯ?"

ಪೊನ್ನಪ್ಪ ಒಂದು ಹೆಜ್ಜೆ ಮುಂದಿಟ್ಟರು.

"ಕುಟ್ಟ ಊರಿನ ಮರದ ಕಂಟ್ರಾಕ್ಟರಿಗೆ ಕೊಟ್ಟೆ," ಎಂದ ಪದ್ಮಯ್ಯ. "ಮೂರು ಪಟ್ಟು ರೇಟು ಕೊಟ್ಟ. ವಾಪಸು ಬರುವಾಗ ಗೋಣಿಕೊಪ್ಪ ದಾಟಿದ ಮೇಲೆ ನಿಲ್ತದೆ, ಬಸ್ಸು ಸಿಗ್ತದೆ ಅಂತ ಇದ್ದೆ. ಕಾಡಲ್ಲಿ ನಿಲ್ತದೆ ಅಂತ ಗೊತ್ತಿರಲಿಲ್ಲ."

"ನನ್ನ ಮೊಮ್ಮಗು ಇತ್ತಲ್ಲ ಒಳಗೆ," ಎಂದರು ಪೂವಮ್ಮ.

ಪೊನ್ನಪ್ಪ ತಾವೇ ಹೋಗಿ ಉಗ್ರಾಣದ ಬೀಗ ತೆಗೆದರು. ನಿಂಗ ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ. ಪೊನ್ನಪ್ಪ ಜೇಬಿನಿಂದ ಕಾರಿನ ಕೀ ತೆಗೆದು ಅವನ ಮುಂದೆ ಹಿಡಿದರು.

ನಿಂಗ ಕೈ ಚಾಚಲಿಲ್ಲ.

"ಕೀ ಆಮೇಲಾಗ್ಲಿ ಬುದ್ಧಿ," ಎಂದ. "ಕೆಂಚಿ ಎದುರ್ಗೆ ನನ್ನ ಕಳ್ಳ ಅಂದ್ರಿ. ಕಳ್ಳ ಅಲ್ಲ ಅಂತ ಅವಳ ಎದುರ್ಗೇ ಯೋಳಿ."

ತೋಟದಲ್ಲಿ ಯಾರೂ ಪೊನ್ನಪ್ಪನವರಿಗೆ ಹೀಗೆ ಹೇಳಿದವರಿಲ್ಲ. ಅವರ ಮೀಸೆಯ ತುದಿ ಅದುರಿತು. ಆಮೇಲೆ ಅವರು ತಲೆಯ ಹ್ಯಾಟು ತೆಗೆದು, ಕಿಟಕಿಯ ಕೆಳಗೆ ಕೂತಿದ್ದ ಕೆಂಚಿಯ ಕಡೆಗೆ ನಡೆದರು.