ಏರಿನಲ್ಲಿ ನಿಂತ ಕಾರು

"ಮುಚ್ಚಳ ಮುಟ್ಬೇಡ! ಕೈ ಸುಟ್ಟು ಹೋಗುತ್ತೆ."

ಹಿಂದಿನಿಂದ ಬಂದ ಆ ಧ್ವನಿಗೆ ರೇಡಿಯೇಟರಿನ ಮುಚ್ಚಳದತ್ತ ಚಾಚಿದ ಅವಳ ಕೈ ಅಲ್ಲೇ ನಿಂತಿತು. ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಆರೇಳು ವರ್ಷದಿಂದ ಮರೆಯಲು ಹೆಣಗಾಡಿದ ಧ್ವನಿ ಅದು.

ಇಡೀ ಊರಿನಲ್ಲಿ ಕೆಟ್ಟು ನಿಲ್ಲಲು ಈ ಕಾರಿಗೆ ಅವನ ಗ್ಯಾರೇಜಿನ ಮುಂದಿನ ಏರೇ ಬೇಕಿತ್ತೇ?

"ನೀವು ನಿಮ್ಮ ಕೆಲಸ ನೋಡ್ಕೊಳ್ಳಿ," ಎಂದಳು. ಒಂದು ಕಾಲದಲ್ಲಿ 'ನೀನು' ಬಿಟ್ಟು ಬೇರೆ ಮಾತೇ ಬಾರದ ಬಾಯಿ! ಅವನ ಮುಖ ಸಣ್ಣದಾಯಿತು. ಆದರೂ, ಇದೂ ನನ್ನ ಕೆಲಸವೇ ಎಂದವನು ಎತ್ತಿದ ಬಾನೆಟ್ಟಿನಡಿ ಬಗ್ಗಿದ. ಆವಿ ಬುಸುಬುಸು ಏಳುತ್ತಲೇ ಇತ್ತು.

ಕಾರು ಅವಳ ಅಪ್ಪನದು. ಇದನ್ನೇ ಬಾಡಿಗೆಗೆ ಓಡಿಸಿ ಅವಳನ್ನು ಓದಿಸಿದವರು. ಅಪ್ಪ ತೀರಿಕೊಂಡರು. ಅಮ್ಮ ಈಗ ಅವಳ ಜೊತೆ ಬೇರೆ ಊರಿನಲ್ಲಿದ್ದಾರೆ. ಇವತ್ತು ಕಾರನ್ನು ಕೊಂಡವರಿಗೆ ಒಪ್ಪಿಸಿ, ಸಂಜೆಯ ರೈಲು ಹಿಡಿದರೆ ಮುಗಿಯಿತು. ಮತ್ತೆ ಈ ಊರಿಗೆ ಬರಲು ಅವಳಿಗೆ ಯಾವ ನೆಪವೂ ಉಳಿಯುವುದಿಲ್ಲ.

ಅವನನ್ನು ನೋಡಲೂ...

'ನೋಡಿ ಏನಾಗಬೇಕಿದೆ?' ಎಂದು ಅವಳು ತನ್ನನ್ನೇ ಗದರಿಕೊಂಡಳು.

ಆದರೆ ಬಗ್ಗಿ ನಿಂತ ಆ ಬೆನ್ನು ಕಂಡರೆ ಮನಸ್ಸು ಸುಮ್ಮನಿರಬೇಕಲ್ಲ! ಆ ಸಂಜೆಗಳೆಲ್ಲ ಎದ್ದು ಬಂದವು. ಇದೇ ಬಾನೆಟ್ ಎತ್ತಿ ಅಪ್ಪ ಅವನಿಗೆ ಕೆಲಸ ಕಲಿಸುತ್ತಿದ್ದರು. ಟಾರ್ಚ್ ಹಿಡಿಯುವುದು ಅವಳ ಪಾಲು. ಬೇಸರವಾದಾಗ ಹಳೆಯ ಪತ್ರಿಕೆ ತೆಗೆದು ರೇಡಿಯೋದವರ ಗತ್ತಿನಲ್ಲಿ ವಾರ್ತೆ ಓದುತ್ತಿದ್ದಳು. ಅವನು ಸ್ಪ್ಯಾನರ್ ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ಕೇಳುವನು. ಅಪ್ಪ ಅವನ ತಲೆಗೊಂದು ಮೊಟಕುವರು.

ರೇಡಿಯೋದಿಂದಲೇ ಸಂದರ್ಶನಕ್ಕೆ ಕರೆ ಬಂದಾಗ ಇಡೀ ಮನೆ ಕುಣಿದಿತ್ತು. ಅವನೊಬ್ಬ ಮಾತ್ರ, ಹೋಗಲೇಬೇಕಾ ಎಂದು ಮೆಲ್ಲಗೆ ಕೇಳಿದ್ದ. ಮರುದಿನ ಚುಮುಚುಮು ಬೆಳಗಿನಲ್ಲಿ ಅವಳನ್ನು ಸ್ಟೇಷನ್ನಿಗೆ ಕರೆದೊಯ್ದವನೂ ಅವನೇ. ಅರ್ಧ ದಾರಿಯಲ್ಲಿ ಇಂಜಿನ್ ಕುದಿದು ಕಾರು ನಿಂತಿತು. ರೈಲು ತಪ್ಪಿತು. ಬೇಕೆಂದೇ ಮಾಡಿದ್ದೀಯಾ ಎಂದು ನಡುರಸ್ತೆಯಲ್ಲಿ ಅವಳು ಕೂಗಾಡಿದ್ದಳು. ಅವನು ಇಲ್ಲ ಎನ್ನಲಿಲ್ಲ. ತಲೆ ತಗ್ಗಿಸಿ ನಿಂತಿದ್ದ, ಅಷ್ಟೇ.

ರೈಲು ತಪ್ಪಿಸಿಕೊಂಡವಳು ಈಗ ಮಾಡುವ ಕೆಲಸವೇನು ಗೊತ್ತೇ? ರೈಲು ನಿಲ್ದಾಣದಲ್ಲಿ ಮೈಕ್ ಮುಂದೆ ಕೂತು, ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಎಂದು ಲೋಕಕ್ಕೆಲ್ಲ ಸಾರುವುದು! ವಿಧಿಗೂ ಒಮ್ಮೊಮ್ಮೆ ತಮಾಷೆ ಬೇಕು, ನೋಡಿ.

ಅವನು ಒಂದೊಂದನ್ನೇ ನೋಡುತ್ತ ಹೋದ. ಪಕ್ಕದ ಡಬ್ಬಿಯಲ್ಲಿ ಇಂಜಿನ್ ತಣಿಸುವ ಕೂಲೆಂಟ್ ಇತ್ತು. ಹೋಸ್ ಎಲ್ಲೂ ಸೋರಿರಲಿಲ್ಲ. ಫ್ಯಾನ್ ಬೆಲ್ಟ್ ಬಿಗಿಯಾಗಿತ್ತು. ಕೊನೆಗೆ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತವನು ಯಾಕೋ ಹಾಗೇ ಉಳಿದ. ಆಮೇಲೆ ರೇಡಿಯೇಟರಿನ ಮುಂದೆ ಕೈ ತೂರಿಸಿ ಒಂದು ರಟ್ಟಿನ ತುಂಡನ್ನು ಹೊರಗೆಳೆದ.

ಬೆಳಿಗ್ಗೆ ಅವಳೇ ಸಿಕ್ಕಿಸಿದ್ದ ರಟ್ಟು.

ಅದು ಅಪ್ಪನ ಅಭ್ಯಾಸ. ಚಳಿಯ ಬೆಳಗಿನಲ್ಲಿ ರೇಡಿಯೇಟರಿಗೆ ಗಾಳಿ ತಾಗದಂತೆ ರಟ್ಟು ಸಿಕ್ಕಿಸಿ, ಇಂಜಿನ್ ಬೆಚ್ಚಗಾದ ಮೇಲೆ ಕಿತ್ತುಬಿಡುತ್ತಿದ್ದರು; ಹಾಗೇ ಬಿಟ್ಟರೆ ಇಂಜಿನ್ ಕುದಿಯುತ್ತದೆ. ಕೊನೆಯ ಸಲ ಅಪ್ಪನ ಹಾಗೆಯೇ ಹೊರಡಿಸೋಣ ಎಂದು ಸಿಕ್ಕಿಸಿದವಳು, ಕಣ್ಣೊರೆಸಿಕೊಳ್ಳುತ್ತ ಹೊರಟಾಗ ಕೀಳುವುದನ್ನೇ ಮರೆತಿದ್ದಳು.

ರೈಲು ತಪ್ಪಿದ ದಿನ ಅವಳ ಕಣ್ಣ ಮುಂದೆ ಬಂತು. ಆ ಬೆಳಿಗ್ಗೆ ಅಪ್ಪನಿಗೆ ಜ್ವರ. ಅವನು ಒಳಗಿನಿಂದ ಪೆಟ್ಟಿಗೆ ತರುವಷ್ಟರಲ್ಲಿ ರಟ್ಟು ಸಿಕ್ಕಿಸಿದ್ದು ತಾನೇ. ಕಿತ್ತಿದ್ದಳಾ? ಎಷ್ಟು ಯೋಚಿಸಿದರೂ ಕಿತ್ತ ನೆನಪಿಲ್ಲ...

"ಅವತ್ತೂ ಇದೇನಾ?"

"ಹಳೇ ವಿಷಯ. ಬಿಡು."

"ಹೇಳು!" 'ನೀವು' ಎಲ್ಲಿ ಬಿದ್ದುಹೋಯಿತೋ ಅವಳಿಗೇ ತಿಳಿಯಲಿಲ್ಲ.

ಅವನು ರಟ್ಟಿನ ಅಂಚನ್ನು ಸವರುತ್ತ ನಿಂತ. "ಹೌದು. ನೀನು ಸಿಟ್ಟಲ್ಲಿ ಆ ಕಡೆ ತಿರುಗಿದಾಗ ತೆಗೆದು ಸೀಟಿನ ಕೆಳಗೆ ತಳ್ಳಿದೆ."

"ನನ್ನ ಮುಖಕ್ಕೆ ಹಿಡಿಯೋಕೆ ಏನಾಗಿತ್ತು ನಿನಗೆ?"

"ನನ್ನ ಮೇಲೆ ಸಿಟ್ಟಿದ್ರೆ ಎಲ್ಲಾದ್ರೂ ಚೆನ್ನಾಗಿರ್ತೀಯ ಅಂದ್ಕೊಂಡೆ. ನಿನ್ನ ಕೈಯಾರೆ ಆಗಿದ್ದು ಅಂತ ಗೊತ್ತಾಗಿದ್ರೆ ನೀನು ಜೀವಮಾನವಿಡೀ ಕೊರಗ್ತಿದ್ದೆ. ಅದನ್ನ ನೋಡೋ ಶಕ್ತಿ ನನಗಿರ್ಲಿಲ್ಲ."

ಅವಳು ಫುಟ್‌ಪಾತಿನ ಅಂಚಿನಲ್ಲಿ ಕುಸಿದು ಕೂತಳು. ಅಳು ಉಕ್ಕಿ ಬಂತು. ಇಷ್ಟು ವರ್ಷ ಇವನನ್ನು ಶಪಿಸಿದ್ದೇನು, ಅಮ್ಮ ಇವನ ಹೆಸರೆತ್ತಿದರೆ ಎದ್ದು ಹೋಗಿದ್ದೇನು! ಹೋದ ಕೆಲಸಕ್ಕಿಂತ ಹೋದ ವರ್ಷಗಳು ಅವಳನ್ನು ಸುಟ್ಟವು.

ಅವನು ಬಂದು ಪಕ್ಕದಲ್ಲಿ ಕೂತ. ಇಂಜಿನ್ ಆರುವ ತನಕ ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ. ತಾನು ಆಗಾಗ ಅವಳ ಸ್ಟೇಷನ್ನಿಗೆ ಬರುತ್ತಿದ್ದುದನ್ನು ಅವನು ತಡೆತಡೆದು ಹೇಳಿದ. ಬೆಂಚಿನ ಮೇಲೆ ಕೂತು ಅವಳ ಧ್ವನಿ ಕೇಳಿ, ಯಾವ ರೈಲನ್ನೂ ಹತ್ತದೆ ಬಸ್ಸಿನಲ್ಲಿ ವಾಪಸಾಗುತ್ತಿದ್ದನಂತೆ. ಅಳುವಿನ ಮಧ್ಯೆಯೇ ಅವಳಿಗೆ ನಗು ಬಂತು.

ಕೊಂಡವರ ಫೋನ್ ಬಂತು. ಕಾರು ಸಂಜೆ ಬರುತ್ತದೆ, ಡ್ರೈವರ್ ಜೊತೆ ನಾನೂ ಬರುತ್ತೇನೆ ಎಂದು ಅವನತ್ತ ನೋಡುತ್ತಲೇ ಹೇಳಿ ಅವಳು ಫೋನ್ ಇಟ್ಟುಬಿಟ್ಟಳು. ಕಾರು ಹೋದರೆ ಹೋಗಲಿ. ಇನ್ನೊಂದನ್ನು ಮಾತ್ರ ಕೈಬಿಡಲು ಅವಳು ತಯಾರಿರಲಿಲ್ಲ.

"ನನ್ನನ್ನ ಮದ್ವೆ ಆಗ್ತೀಯಾ?"

ಅವನು ಮಸಿ ಹಿಡಿದ ಕೈಯನ್ನು ಅಂಗಿಗೇ ಒರೆಸಿಕೊಂಡ. "ನಿಮ್ಮಮ್ಮನ್ನ ಒಂದ್ಮಾತು ಕೇಳ್ಬೇಕಲ್ವಾ..."

"ಅಮ್ಮನ್ನ ನಾನು ಕೇಳ್ತೀನಿ. ಈಗ ಕೇಳ್ತಿರೋದು ನಿನ್ನನ್ನ."

"ನಾನು ಯಾವತ್ತೋ ಹೂಂ ಅಂದಾಗಿದೆ," ಎಂದ ಅವನು, ಮೆಲ್ಲಗೆ. "ನೀನು ಕೇಳೋದೇ ತಡ ಆಯ್ತು."